ಫೈಬರ್ ಹಾಕಿ ಮನೆ ಕಟ್ಟುವವರಿಗೆ: ಗಾರೆಗೆ ಹೌದು, ಧರೆಗೆ ಹೌದು, ಕಂಬಿಗೆ ಸ್ವಲ್ಪ ತಡೀರಿ

ಮಲೆನಾಡಿನಲ್ಲಿ ಮನೆಗೆ ಕೈ ಹಾಕಿದವರು ಈಗ ಎಲ್ಲಿ ಹೋದರೂ ‘ಫೈಬರ್ ಹಾಕ್ಸಿ’ ಅನ್ನುವ ಮಾತು ಕೇಳಬೇಕು. ಸಿಮೆಂಟ್ ಅಂಗಡಿಯಲ್ಲಿ ಗಾರೆಗೆ ಹಾಕುವ ಪ್ಯಾಕೆಟ್ ತೋರಿಸುತ್ತಾರೆ. ಕಬ್ಬಿಣದ ಅಂಗಡಿಯಲ್ಲಿ ತುಕ್ಕು ಹಿಡಿಯದ ಫೈಬರ್ ಕಂಬಿ ಇದೆ ಅನ್ನುತ್ತಾರೆ. ಬಚ್ಚಲಿಗೆ ಫೈಬರ್ ಬಾಗಿಲು, ನೀರಿನ ಸಂಪ್‌ಗೆ ಫೈಬರ್ ಮುಚ್ಚಳ, ಕೊನೆಗೆ ಮನೆ ಹಿಂದೆ ಗುಡ್ಡ ಕಡಿದ ಮಣ್ಣಿನ ಗೋಡೆಗೂ, ಅಂದರೆ ಧರೆಗೂ ತೆಂಗಿನ ನಾರಿನ ಬಲೆ ಹೊದಿಸಿ ಅಂತ ಯಾರೋ ಹೇಳಿ ಹೋಗುತ್ತಾರೆ. ಇವೆಲ್ಲ ಒಂದೇ ಜಾತಿಯ ಸಾಮಾನು ಅಂದುಕೊಂಡರೆ ದುಡ್ಡು ಹೋಯಿತು ಅಂತಲೇ ಲೆಕ್ಕ. ಕೊಪ್ಪದ ಹತ್ತಿರ ನಾವು ಮನೆ ಕಟ್ಟುವಾಗ ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಒಂದಲ್ಲ ಒಂದು ಕಡೆ ಬಳಸಿದೆವು. ಮಳೆಗಾಲ ದಾಟಿದ ಮೇಲೆ ಯಾವುದು ಹೇಗಿದೆ ಅಂತ ನೋಡಿಕೊಂಡೇ ಬರೆಯುತ್ತಿದ್ದೇನೆ.

ಮೊದಲು ಗಾರೆ. ರೆಕ್ರಾನ್ ಅಂತ ಎಲ್ಲರೂ ಕರೆಯುವ ಪ್ಯಾಕೆಟ್ ಇದೆಯಲ್ಲ, ಅದನ್ನೇ ತಂದಿದ್ದು. ಬೇರೆ ಕಂಪನಿಗಳದ್ದೂ ಇವೆ. ಒಂದು ಚೀಲ ಸಿಮೆಂಟಿಗೆ 125 ಗ್ರಾಂ, ಗೋಡೆ ಗಾರೆಗೆ 6 ಎಂಎಂ ಉದ್ದದ್ದು, ಕಾಂಕ್ರೀಟಿಗೆ 12 ಎಂಎಂ. ಪ್ಯಾಕೆಟ್ ಒಡೆದರೆ ಬಿಳೀ ನಾರು, ಹತ್ತಿಯ ಹಾಗೆ ಮೆತ್ತಗೆ, ಗಾಳಿಗೆ ಹಾರುವಷ್ಟು ಹಗುರ. ಚೀಲ ಸಿಮೆಂಟಿನ ಬೆಲೆ ಮುಂದೆ ಇದರ ಬೆಲೆ ಏನೂ ಅಲ್ಲ. ನಮ್ಮ ಮೇಸ್ತ್ರಿ ಗದಗ ಕಡೆಯವರು. ಪ್ಯಾಕೆಟ್ ನೋಡಿದ ಕೂಡಲೇ “ಸರ, ಇದನ್ನ ಹಾಕಿದ್ರ ಗ್ವಾಡಿಗೆ ಕೂದ್ಲಾ ಬಂದಂಗ ಕಾಣ್ತೈತ್ರಿ” ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಸ್ಪಾಂಜ್ ಹೊಡೆದ ಮೇಲೆ ಗೋಡೆಯನ್ನು ಓರೆಯಾಗಿ ನೋಡಿದರೆ ಸಣ್ಣ ಸಣ್ಣ ಎಳೆ ಎದ್ದು ನಿಂತಿರುತ್ತವೆ. ಆದರೆ ಪುಟ್ಟಿ ಹಾಕಿ ಪ್ರೈಮರ್ ಹೊಡೆದ ಮೇಲೆ ಎಲ್ಲಿ ಅಂತ ಹುಡುಕಿದರೂ ಸಿಗುವುದಿಲ್ಲ. ಪುಟ್ಟಿ ಹಾಕದೆ ನೇರ ಸುಣ್ಣ ಹೊಡೆಯುವವರಿಗೆ ಮಾತ್ರ ಸ್ವಲ್ಪ ಕಿರಿಕಿರಿ.

ಇದರ ಕೆಲಸ ಏನು ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ಗಾರೆ ಹಚ್ಚಿದ ಮೊದಲ ಕೆಲವು ಗಂಟೆಗಳಲ್ಲಿ ನೀರು ಆರುತ್ತಾ ಮೇಲ್ಮೈ ಎಳೆದುಕೊಳ್ಳುತ್ತದೆ. ಸಿಮೆಂಟಿಗೆ ಆಗ ಇನ್ನೂ ಬಲ ಬಂದಿರುವುದಿಲ್ಲ. ಜೇಡರ ಬಲೆ ಥರದ ಎಳೆ ಬಿರುಕು ಬೀಳುವುದು ಆಗಲೇ. ಎಲ್ಲಾ ದಿಕ್ಕಿಗೂ ಹರಡಿಕೊಂಡ ಲಕ್ಷಾಂತರ ಸಣ್ಣ ನಾರುಗಳು ಆ ಹೊತ್ತಿನಲ್ಲಿ ಗಾರೆಯನ್ನು ಹಿಡಿದುಕೊಳ್ಳುತ್ತವೆ. ಇದರ ಕೆಲಸ ಇಷ್ಟೇ. ಪಾಯ ಕುಸಿದು ಬಂದ ಬಿರುಕನ್ನು ಇದು ನಿಲ್ಲಿಸುವುದಿಲ್ಲ. ಕ್ಯೂರಿಂಗ್ ಬದಲಿಗೂ ಇದಲ್ಲ, ನೀರು ಹೊಡೆಯಲೇಬೇಕು. ಎಂ-ಸ್ಯಾಂಡ್ ಬಳಸಿದ ಪಶ್ಚಿಮದ ಗೋಡೆಗೆ ಬೆಳಗ್ಗೆ ಮಳೆ ಹನಿ, ಮಧ್ಯಾಹ್ನ ಚುರುಕು ಬಿಸಿಲು. ಅಲ್ಲೂ ಬಿರುಕಿಲ್ಲ. ಪ್ಯಾಕೆಟ್ ಮುಗಿದು ಹೋದ ದಿನ ಹಾಗೇ ಗಾರೆ ಮಾಡಿದ ಕೊಟ್ಟಿಗೆ ಗೋಡೆಯಲ್ಲಿ ಎಳೆ ಬಿರುಕು ಕೈ ಬೆರಳಿಗೇ ಸಿಗುತ್ತದೆ. ಅದೇ ಮರಳು, ಅದೇ ಮೇಸ್ತ್ರಿ. ಸೀಲಿಂಗ್ ಗಾರೆ ಮಾಡುವಾಗ ಕೆಳಗೆ ಉದುರಿ ಹಾಳಾಗುವ ಮಾಲೂ ಕಡಿಮೆ ಆಯಿತು. ಅದನ್ನು ನೋಡಿದ ಮೇಲೇ ಮೇಸ್ತ್ರಿ ಒಪ್ಪಿದ್ದು.

ಕಲಸುವಾಗ ಒಂದು ವಿಷಯ ಗಮನಿಸಿ. ಒಣ ಮರಳು ಸಿಮೆಂಟಿನ ಮೇಲೆ ನಾರನ್ನು ಬಿಡಿಬಿಡಿಯಾಗಿ ಉದುರಿಸಿ, ಸಲಿಕೆಯಲ್ಲಿ ಚೆನ್ನಾಗಿ ತಿರುವಿ, ಆಮೇಲೆ ನೀರು ಹಾಕಬೇಕು. ನೀರು ಹಾಕಿದ ಮೇಲೆ ಇಡೀ ಪ್ಯಾಕೆಟ್ ಸುರಿದರೆ ಉಂಡೆ ಕಟ್ಟುತ್ತದೆ, ಕರಣೆಗೆ ಸಿಕ್ಕಿ ಎಳೆಯುತ್ತದೆ. ನಾರು ಹಾಕಿದ ಮಾಲು ಸ್ವಲ್ಪ ಬಿರುಸಾಗಿ ಕಾಣುತ್ತದೆ, ಅದಕ್ಕೆ ಕೆಲಸದವರು ಸುಮ್ನೆ ಇನ್ನರ್ಧ ಕೊಡ ನೀರು ಸುರಿಯುತ್ತಾರೆ. ಅಲ್ಲಿಗೆ ಫೈಬರ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಇನ್ನು ಪಾಲಿಯೆಸ್ಟರ್ ನಾರು ತಗೊಳ್ಳಬೇಕಾ ಪಾಲಿಪ್ರೊಪಿಲೀನ್ ನಾರು ತಗೊಳ್ಳಬೇಕಾ ಅನ್ನುವ ಪ್ರಶ್ನೆ ಇದೆ. ಸಿಮೆಂಟಿನ ಕ್ಷಾರ ಪಾಲಿಯೆಸ್ಟರನ್ನು ನಿಧಾನಕ್ಕೆ ತಿನ್ನುತ್ತದೆ, ಪಾಲಿಪ್ರೊಪಿಲೀನಿಗೆ ಏನೂ ಆಗುವುದಿಲ್ಲ. ಗಾರೆಯ ಎಳೆ ಬಿರುಕಿನ ಮಟ್ಟಿಗೆ ಕೆಲಸ ಮೊದಲ ದಿನವೇ ಮುಗಿಯುವುದರಿಂದ ಎರಡೂ ನಡೆಯುತ್ತದೆ. ವರ್ಷಗಟ್ಟಲೆ ನಾರು ಬದುಕಿರಬೇಕಾದ ಕಡೆ ಪಾಲಿಪ್ರೊಪಿಲೀನ್ ಒಳ್ಳೆಯದು. ಇದಕ್ಕೆ ಇನ್ನೊಂದು ಗುಣವೂ ಇದೆ. ಸುಮಾರು 160 ಡಿಗ್ರಿಗೆ ಕರಗುತ್ತದೆ. ಬೆಂಕಿ ಬಿದ್ದಾಗ ನಾರು ಕರಗಿ ಕಾಂಕ್ರೀಟಿನೊಳಗೆ ಸಣ್ಣ ದಾರಿ ಬಿಡುತ್ತದೆ, ಒಳಗಿನ ಹಬೆ ಅಲ್ಲಿಂದ ಹೊರಗೆ ಹೋಗುವುದರಿಂದ ಕಾಂಕ್ರೀಟ್ ಸಿಡಿಯುವುದು ಕಡಿಮೆ. ಸುರಂಗದ ಗೋಡೆಗಳಿಗೆ ಇದನ್ನು ಬೇಕೆಂದೇ ಹಾಕುತ್ತಾರೆ. ಕರಗುವುದೇ ಉಪಯೋಗಕ್ಕೆ ಬರುವ ಸಾಮಾನು ಅಂದರೆ ಮಜಾ ಅಲ್ವಾ?

ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ಕೂಡುವ ಜಾಗದಲ್ಲಿ ಮಾತ್ರ ಈ ನಾರು ಸಾಲದು, ಅಲ್ಲಿಗೆ ಜಾಲರಿ ಬೇಕೇ ಬೇಕು. ಮೊದಲೆಲ್ಲ ಕೋಳಿ ಜಾಲರಿ ಹೊಡೆಯುತ್ತಿದ್ದರು, ಈಗ ಗ್ಲಾಸ್ ಫೈಬರ್ ಮೆಶ್. ಮಾಮೂಲಿ ಗಾಜಿನ ನಾರಿಗೂ ಸಿಮೆಂಟಿನ ಕ್ಷಾರಕ್ಕೂ ಆಗಿಬರುವುದಿಲ್ಲ. ಕ್ಷಾರ ತಡೆಯುವ ಲೇಪನ ಇರುವುದನ್ನೋ, ಜಿರ್ಕೋನಿಯಾ ಸೇರಿಸಿದ ಗಾಜಿನದ್ದನ್ನೋ ಕೇಳಿ ತಗೊಳ್ಳಿ. ಅಂಗಡಿಯವರು ‘ಎಲ್ಲಾ ಒಂದೇ’ ಅಂದರೆ ಬೇರೆ ಅಂಗಡಿ ನೋಡಿ.

ನಮ್ಮ ಹಳೇ ಮನೆಯ ಮಣ್ಣಿನ ಗೋಡೆ ಕೆಡವುವಾಗ ಒಳಗಿದ್ದ ಭತ್ತದ ಹುಲ್ಲು ಇನ್ನೂ ಹಳದಿಯಾಗಿಯೇ ಇತ್ತು, ಕೈಯಲ್ಲಿ ಹಿಡಿದರೆ ಪುಡಿಯಾಗಲಿಲ್ಲ. ಅಜ್ಜನ ಕಾಲದ ಗೋಡೆ ಅದು. ಅದನ್ನು ನೋಡಿ ಮೇಸ್ತ್ರಿ, ಹಾಗಾದರೆ ಪ್ಯಾಕೆಟ್ ಯಾಕೆ, ತೆಂಗಿನ ನಾರನ್ನೇ ಕತ್ತರಿಸಿ ಸಿಮೆಂಟಿಗೆ ಹಾಕಿದರೆ ಆಗಲ್ವಾ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಒಣಗಿದ ಮಣ್ಣು ಹುಲ್ಲನ್ನು ಕಾಪಾಡುತ್ತದೆ, ಸಿಮೆಂಟ್ ಕಾಪಾಡುವುದಿಲ್ಲ. ಸಿಮೆಂಟಿನೊಳಗಿನ ನೀರಿನ ಪಿಎಚ್ 12ರ ಮೇಲೆ ಇರುತ್ತದೆ, ಅಂದರೆ ತೀರಾ ಕ್ಷಾರ. ಅದು ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ನನ್ನೇ ಕರಗಿಸುತ್ತಾ ಹೋಗುತ್ತದೆ, ನಾರು ಗರಿಗರಿಯಾಗಿ ಮುರಿಯುತ್ತದೆ. ಜೊತೆಗೆ ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಬೇರೆ. ಸಂಸ್ಕರಿಸಿದ ನಾರು, ಕ್ಷಾರ ಕಡಿಮೆ ಇರುವ ಸಿಮೆಂಟ್ ಅಂತ ಪ್ರಯೋಗಗಳು ನಡೆಯುತ್ತಿವೆ, ಆದರೆ ನಮ್ಮ ಸೈಟಿನಲ್ಲಿ ಬಾಂಡ್ಲಿಯಲ್ಲಿ ಕಲಸುವ ಕೆಲಸಕ್ಕೆ ಅದು ಹೊಂದುವುದಿಲ್ಲ. ಮಣ್ಣಿನ ಗೋಡೆ ಕಟ್ಟುವವರು ಮಾತ್ರ ಹುಲ್ಲನ್ನೂ ನಾರನ್ನೂ ಧಾರಾಳವಾಗಿ ತುಳಿದು ಹಾಕಬಹುದು.

ಈಗ ಕಂಬಿ. ಜಾಸ್ತಿ ಗೊಂದಲ ಇರುವುದು ಇಲ್ಲೇ. ಫೈಬರ್ ಕಂಬಿ ಅಂದರೆ ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಎಳೆದು ಗಟ್ಟಿ ಮಾಡಿದ ಸರಳು. ನೂರು ಮೀಟರ್ ಸುರುಳಿಯಾಗಿ ಬರುತ್ತದೆ. 8 ಎಂಎಂ ಸ್ಟೀಲ್ ಕಂಬಿ ನೂರು ಮೀಟರಿಗೆ ಸುಮಾರು 39.5 ಕೆ.ಜಿ. ತೂಗಿದರೆ ಇದು ಹತ್ತು ಹನ್ನೊಂದು ಕೆ.ಜಿ. ಅಷ್ಟೇ. ಒಬ್ಬ ಹುಡುಗ ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿಬಿಟ್ಟ. ಅಂಗಡಿಯವರು ಹೇಳುವುದು ಹೀಗೆ: “ಸ್ಟೀಲಿಗಿಂತ ಎರಡು ಪಟ್ಟು ಗಟ್ಟಿ ಸಾರ್, 12 ಹಾಕೋ ಕಡೆ 8 ಹಾಕಿ, ತುಕ್ಕು ಮಾತೇ ಇಲ್ಲ.” ಇದರಲ್ಲಿ ಮೊದಲನೆಯದು ಹೆಚ್ಚುಕಡಿಮೆ ನಿಜ, ಕೊನೆಯದು ಪೂರ್ತಿ ನಿಜ, ನಡುವಿನದು ಅಪಾಯ.

ಯಾಕೆ ಅಂದರೆ, ಎಳೆದಾಗ ತುಂಡಾಗದಿರುವುದು ಬೇರೆ, ಎಳೆದಾಗ ಹಿಗ್ಗದಿರುವುದು ಬೇರೆ. ಫೆ 500 ದರ್ಜೆಯ ಸ್ಟೀಲ್ ಕಂಬಿ 500 ಮೆಗಾಪ್ಯಾಸ್ಕಲ್ ಸುತ್ತಮುತ್ತ ಸೋಲುತ್ತದೆ, ಗ್ಲಾಸ್ ಫೈಬರ್ ಕಂಬಿ 600ರಿಂದ 1000ದವರೆಗೂ ತಡೆಯುತ್ತದೆ. ಆದರೆ ಬಿಗಿತದ ಲೆಕ್ಕ ತೆಗೆದುಕೊಂಡರೆ ಸ್ಟೀಲ್ 200 ಗಿಗಾಪ್ಯಾಸ್ಕಲ್, ಇದು 45ರಿಂದ 60 ಮಾತ್ರ. ಅಂದರೆ ಅಷ್ಟೇ ಭಾರಕ್ಕೆ ಮೂರು ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಚಾವಣಿಗೆ, 12ರ ಬದಲು 8 ಹಾಕಿದಿರಿ ಅಂದುಕೊಳ್ಳಿ. ಮೋಲ್ಡ್ ಬೀಳದೇ ಇರಬಹುದು, ಆದರೆ ನಡುವೆ ಜೋತು ಬೀಳುತ್ತದೆ, ತಳದಲ್ಲಿ ಬಿರುಕು ಅಗಲವಾಗುತ್ತದೆ. ಸ್ಟೀಲ್ ಸೋಲುವಾಗ ಮೊದಲು ಬಾಗಿ, ಎಳೆದುಕೊಂಡು, ಬಿರುಕು ತೋರಿಸಿ ಸುಳಿವು ಕೊಡುತ್ತದೆ. ಇದು ಕೊನೆ ಗಳಿಗೆವರೆಗೂ ನೆಟ್ಟಗಿದ್ದು ಒಮ್ಮೆಗೇ ಮುರಿಯುತ್ತದೆ. ಬೆಂಕಿಯಲ್ಲೂ ಹಾಗೇ, ನೂರು ಡಿಗ್ರಿ ಆಸುಪಾಸು ದಾಟಿದರೆ ರಾಳ ಮೆತ್ತಗಾಗಲು ಶುರು.

ಇನ್ನೊಂದು ತೊಂದರೆ ಪಕ್ಕಾ ಸೈಟಿನದು. ಸುರುಳಿ ಸುತ್ತಲು ಬಂದರೂ ಮೂಲೆ ಬರುವ ಹಾಗೆ ಇದನ್ನು ಬಗ್ಗಿಸಲು ಬರುವುದಿಲ್ಲ. ನಮ್ಮ ಬಾರ್ ಬೆಂಡರ್ ಮೊಳೆ ಹೊಡೆದ ಹಲಗೆ ಮೇಲೆ ಇಟ್ಟು ಪೈಪ್ ಹಾಕಿ ಒತ್ತಿದ. ಚಟ್ ಅಂತ ಸೀಳಿ ಬಿಳೀ ಎಳೆಗಳು ಹೊರಗೆ ಬಂದವು. ಪಿಲ್ಲರಿನ ರಿಂಗು, ಕೊಕ್ಕೆ, ಕ್ರ್ಯಾಂಕ್ ಎಲ್ಲವನ್ನೂ ಫ್ಯಾಕ್ಟರಿಯಲ್ಲೇ ಬಗ್ಗಿಸಿ ತರಿಸಬೇಕು. ಹಾಗೆ ತರಿಸಿದರೂ ಬಾಗಿದ ಜಾಗದಲ್ಲಿ ಬಲ ಬಹಳ ಕಡಿಮೆ. ಕತ್ತರಿಸಲು ಡಿಸ್ಕ್ ಕಟರ್ ಬೇಕು, ಆಗ ಏಳುವ ಗಾಜಿನ ಪುಡಿ ಮೈಗೆ ತಾಗಿದರೆ ಸಂಜೆವರೆಗೂ ನವೆ. ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ಯಾರಿಗೂ ಕತ್ತರಿಸಲು ಬಿಡಬೇಡಿ. ಸುರುಳಿ ಕಟ್ಟು ಬಿಚ್ಚುವಾಗಲೂ ಅಷ್ಟೇ, ಬಿಗಿದು ಸುತ್ತಿರುವುದರಿಂದ ಎದ್ದು ಮುಖಕ್ಕೆ ಹೊಡೆಯುತ್ತದೆ. ಮತ್ತೆ ಇದು ಕಾಂಕ್ರೀಟಿಗಿಂತ ಹಗುರ. ವೈಬ್ರೇಟರ್ ಹಾಕಿದಾಗ ಜಾಲರಿ ಮೇಲಕ್ಕೆ ತೇಲಿ ಬರುತ್ತದೆ! ನಮ್ಮ ಅಂಗಳದ ಕಾಂಕ್ರೀಟಿನ ಮೊದಲ ಭಾಗ ಹಾಕುವಾಗಲೇ ಕಂಬಿ ಮೇಲೆ ಇಣುಕಿದ್ದು ನೋಡಿ ಎಲ್ಲರೂ ನಕ್ಕೆವು. ಆಮೇಲೆ ಕೆಳಗಿನಿಂದ ಕಟ್ಟಿ ಹಿಡಿಸಿದ ಮೇಲೇ ಸರಿಹೋಯಿತು.

ಹಾಗಾದರೆ ಪ್ರಯೋಜನ ಇಲ್ವಾ? ಇದೆ. ನಾವು ಹಾಕಿದ್ದು ಕಾರು ನಿಲ್ಲುವ ಅಂಗಳದ ಕಾಂಕ್ರೀಟಿಗೆ. ನೆಲದ ಮೇಲೇ ಕೂತ ಕಾಂಕ್ರೀಟ್ ಅದು, ಜೋತು ಬೀಳುವ ಪ್ರಶ್ನೆ ಇಲ್ಲ, ವರ್ಷದಲ್ಲಿ ಆರು ತಿಂಗಳು ಒದ್ದೆ. ತುಕ್ಕಿನ ಚಿಂತೆ ಇಲ್ಲದೆ ಚೆನ್ನಾಗಿದೆ. ಇದರ ನಿಜವಾದ ಜಾಗ ಮಾತ್ರ ಘಟ್ಟದ ಕೆಳಗೆ. ಕುಂದಾಪುರದಲ್ಲಿ ಭಾವನ ಮನೆ ಇದೆ, ಸಮುದ್ರದ ಗಾಳಿ ನೇರ ಹೊಡೆಯುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು, ಕಿಟಕಿ ಮೇಲಿನ ಸಜ್ಜಾದ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟಿನ ಚಕ್ಕೆ ಅಂಗಳಕ್ಕೆ ಬೀಳುತ್ತದೆ. ಅಂಥ ಕಡೆ ಕಾಂಪೌಂಡ್, ಚರಂಡಿ, ಅಂಗಳ, ಜೆಟ್ಟಿ ಕೆಲಸಕ್ಕೆಲ್ಲ ಫೈಬರ್ ಕಂಬಿ ಹಾಕುವುದರಲ್ಲಿ ಅರ್ಥ ಇದೆ. ಮನೆಯ ಪಿಲ್ಲರ್, ಬೀಮು, ಮೋಲ್ಡಿಗೆ ಹಾಕಲೇಬೇಕು ಅಂತಿದ್ದರೆ ಈ ಕಂಬಿಗೇ ಅಂತ ಲೆಕ್ಕ ಹಾಕಿ ಡ್ರಾಯಿಂಗ್ ಮಾಡುವ ಎಂಜಿನಿಯರ್ ಬೇಕು. ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐ ಇದಕ್ಕೆ ಅಂತಲೇ 2022ರಲ್ಲಿ ಪ್ರತ್ಯೇಕ ಕೋಡ್ ತಂದಿದೆ. ಸ್ಟೀಲಿಗೆ ಮಾಡಿದ ಡ್ರಾಯಿಂಗಿನಲ್ಲಿ ಅಂಗಡಿಯವರ ಮಾತು ಕೇಳಿ ಕಂಬಿ ಬದಲಾಯಿಸಬೇಡಿ.

ಭಾವನ ಮನೆ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಲ್ಲಿ ಪಿಲ್ಲರಿಗೆ ಕಾರ್ಬನ್ ಫೈಬರ್ ಬಟ್ಟೆ ಸುತ್ತಿಬಿಡಿ ಅಂತ ಒಬ್ಬ ಗುತ್ತಿಗೆದಾರರು ಹೇಳಿದ್ದರು. ವಿದ್ಯೆ ಒಳ್ಳೆಯದೇ. ಸ್ವಿಟ್ಜರ್ಲೆಂಡಿನ ಲುಸರ್ನ್ ಹತ್ತಿರ ಇಬಾಖ್ ಸೇತುವೆಯನ್ನು 1991ರಲ್ಲಿ ಕಾರ್ಬನ್ ಪಟ್ಟಿ ಅಂಟಿಸಿ ರಿಪೇರಿ ಮಾಡಿದ್ದರು. 175 ಕೆ.ಜಿ. ಸ್ಟೀಲ್ ಬೇಕಾಗಿದ್ದ ಕಡೆ 6.2 ಕೆ.ಜಿ. ಪಟ್ಟಿ ಸಾಕಾಯಿತು. ಆದರೆ ಒಳಗೆ ತುಕ್ಕು ನಡೆಯುತ್ತಿರುವ ಪಿಲ್ಲರಿಗೆ ಮೇಲಿಂದ ಬಟ್ಟೆ ಸುತ್ತಿದರೆ ರೋಗ ಮುಚ್ಚಿಟ್ಟ ಹಾಗೆ. ಮೊದಲು ಸಡಿಲ ಕಾಂಕ್ರೀಟ್ ಒಡೆದು, ಕಂಬಿ ತುಕ್ಕು ಉಜ್ಜಿ, ಹೊಸ ಗಾರೆ ತುಂಬಿ, ಪಿಲ್ಲರಿನ ಚೂಪು ಮೂಲೆಗಳನ್ನು ದುಂಡಗೆ ಮಾಡಬೇಕು. ಆಮೇಲೆ ಸುತ್ತುವ ಮಾತು. ಆ ಗುತ್ತಿಗೆದಾರರ ಅಂದಾಜು ಪಟ್ಟಿಯಲ್ಲಿ ಬಟ್ಟೆ ಮತ್ತು ಎಪಾಕ್ಸಿ ಮಾತ್ರ ಇತ್ತು. ಭಾವ ಬೇಡ ಅಂದರು, ಒಳ್ಳೆಯದೇ ಆಯಿತು.

ಸಂಪಿನ ಫೈಬರ್ ಮುಚ್ಚಳಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ. ಹಗುರ, ಅಮ್ಮನೇ ಎತ್ತುತ್ತಾರೆ. ಬೀಡು ಕಬ್ಬಿಣದ್ದಾದರೆ ಗುಜರಿ ಆಸೆಗೆ ಕದಿಯುವವರಿದ್ದಾರೆ, ಇದನ್ನು ಯಾರು ಕದ್ದಾರು? ಮೇಲೆ ಎ15, ಬಿ125, ಡಿ400 ಅಂತ ಅಚ್ಚೊತ್ತಿರುತ್ತದೆ, ಎಷ್ಟು ಕಿಲೋನ್ಯೂಟನ್ ತಡೆಯುತ್ತದೆ ಅಂತ. ಎ15 ಅಂದರೆ ಜನ ಓಡಾಡುವ ಕಡೆಗೆ, ಸುಮಾರು ಒಂದೂವರೆ ಟನ್. ಕಾರು ಹತ್ತುವ ಜಾಗಕ್ಕೆ ಬಿ125 ತಗೊಳ್ಳಿ. ಅಚ್ಚೇ ಇಲ್ಲದ್ದು ಬೇಡ.

ಬಚ್ಚಲಿನ ಫೈಬರ್ ಬಾಗಿಲು ಪರವಾಗಿಲ್ಲ. ಆಷಾಢದಲ್ಲಿ ಮರದ ಬಾಗಿಲು ಉಬ್ಬಿ ಹಾಕಲೂ ಆಗದೆ ತೆಗೆಯಲೂ ಆಗದೆ ಒದ್ದಾಡುವುದು ತಪ್ಪಿದೆ. ಆದರೆ ಒಳಗೆ ಫೋಮ್ ತುಂಬಿದ್ದರಿಂದ ಕೀಲಿನ ಸ್ಕ್ರೂ ಹಿಡಿಯುವುದಿಲ್ಲ. ನಮ್ಮದರಲ್ಲಿ ಮೇಲಿನ ಕೀಲು ಆಗಲೇ ಆಡುತ್ತಿದೆ. ಚಿಲಕ ಮತ್ತು ಕೀಲಿನ ಜಾಗದಲ್ಲಿ ಒಳಗೆ ಮರದ ತುಂಡು ಕೊಟ್ಟಿದ್ದಾರಾ ಅಂತ ಮೊದಲೇ ಕೇಳಿ. ನಮಗೆ ಮಾರಿದ ಅಂಗಡಿಯವರು ಕೊಟ್ಟಿದೆ ಅಂದಿದ್ದರು, ಸ್ಕ್ರೂ ಬಿಚ್ಚಿ ನೋಡಿದರೆ ಬರೀ ಫೋಮ್. ಫೋನ್ ಮಾಡಿದರೆ ‘ಹುಡುಗನ್ನ ಕಳಿಸ್ತೀವಿ’ ಅಂತಲೇ ಇದ್ದಾರೆ.

ಕೊಟ್ಟಿಗೆಗೆ ಶೀಟು ಹಾಕುವವರು ಒಂದು ಮಾತು ಕೇಳಿ. ಹಳೇ ಸಿಮೆಂಟ್ ಶೀಟೂ ನಾರಿನದ್ದೇ, ಆ ನಾರು ಆಸ್ಬೆಸ್ಟಾಸ್. ಅದರ ಎಲ್ಲಾ ಬಗೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಳೇ ಶೀಟು ತೆಗೆಯುವಾಗ ಒಡೆಯಬೇಡಿ, ಕಟರ್ ಹಾಕಬೇಡಿ, ನೀರು ಚಿಮುಕಿಸಿ ಇಡಿಯಾಗಿ ಇಳಿಸಿ. ಹೊಸದಕ್ಕೆ ಆಸ್ಬೆಸ್ಟಾಸ್ ಇಲ್ಲದ, ಮರದ ತಿರುಳಿನ ನಾರು ಹಾಕಿದ ಶೀಟುಗಳೂ ಬೋರ್ಡುಗಳೂ ಸಿಗುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ಧರೆಗೆ ಹೊದಿಸಿದ ತೆಂಗಿನ ನಾರಿನ ಬಲೆ. ಕಾಯಿರ್ ಭೂವಸ್ತ್ರ ಅಂತ ಕೇಳಿದರೆ ಸಿಗುತ್ತದೆ. ಚದರ ಮೀಟರಿಗೆ 400, 700, 900 ಗ್ರಾಂ ತೂಕದಲ್ಲಿ ಬರುತ್ತದೆ. ನಾವು ತರಿಸಿದ್ದು 700ರದ್ದು, ಆಲಪ್ಪುಳದ ಕಡೆಯ ಮಾಲು. ಮಗ್ಗದಲ್ಲಿ ನೇಯ್ದ ಹುರಿ, ಬೆರಳು ತೂರುವಷ್ಟು ಕಣ್ಣು. ಮನೆಗೆ ಜಾಗ ಮಾಡಲು ಕಡಿದ ಧರೆ ಹಸಿ ಮಣ್ಣು, ಮೊದಲ ಮಳೆಗೇ ಕೆಂಪು ನೀರು ಹಿತ್ತಿಲ ತುಂಬಾ ಹರಿಯುತ್ತದೆ. ಬಲೆ ಹೊದಿಸಿದ ಮೇಲೆ ಒಂದೊಂದು ಹುರಿಯ ಹಿಂದೆಯೂ ಒಂದಿಷ್ಟು ಮಣ್ಣು ನಿಂತುಕೊಳ್ಳುತ್ತದೆ, ಅಲ್ಲೇ ಹುಲ್ಲಿನ ಬೀಜ ಮೊಳೆಯುತ್ತದೆ. ಜುಲೈ ಹೊತ್ತಿಗೆ ಸಾಲು ಸಾಲಾಗಿ ಹಸಿರು. ನಡುನಡುವೆ ಲಾವಂಚ ನೆಟ್ಟೆವು. ಅದರ ಬೇರು ಆಳಕ್ಕೆ ಹೋಗುತ್ತದೆ.

ಎರಡು ಮೂರು ವರ್ಷಕ್ಕೆ ಈ ಬಲೆ ಕೊಳೆತು ಮಣ್ಣಾಗುತ್ತದೆ. ಕೊಳೆಯುವ ಸಾಮಾನಿಗೆ ಯಾಕೆ ದುಡ್ಡು ಅಂತ ಪಕ್ಕದ ತೋಟದ ಹಿರಿಯರು ಕೇಳಿದರು. ಅಷ್ಟರೊಳಗೆ ಬೇರು ಮಣ್ಣು ಹಿಡಿದಿರುತ್ತದೆ, ಆಮೇಲೆ ಬಲೆ ಇರುವುದೇ ಬೇಡ. ತೆಂಗಿನ ನಾರಿನಲ್ಲಿ ಲಿಗ್ನಿನ್ ಜಾಸ್ತಿ ಇರುವುದರಿಂದ ಉಳಿದ ನಾರುಗಳಿಗಿಂತ ನಿಧಾನಕ್ಕೆ ಕೊಳೆಯುತ್ತದೆ, ಸೆಣಬಾದರೆ ಅಷ್ಟು ದಿನ ಬಾಳುವುದಿಲ್ಲ. ಪ್ಲಾಸ್ಟಿಕ್ ಬಲೆ ಹೊದಿಸಿದರೆ ಅದು ಹಾಗೇ ಉಳಿಯುತ್ತದೆ, ಹಾವುಗಳು ಅದರ ಕಣ್ಣಿಗೆ ಸಿಕ್ಕಿ ಸಾಯುತ್ತವೆ. ನಮ್ಮ ಕಡೆ ಕೇರೆ ಹಾವು ಸತ್ತರೆ ಇಲಿ ಕಾಟ ಯಾರು ತಡೆಯುತ್ತಾರೆ? ರಸ್ತೆ ಕೆಲಸಕ್ಕೂ ಈ ಭೂವಸ್ತ್ರ ಬಂದಿದೆ. ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದ ರಸ್ತೆಗಳಲ್ಲಿ ಬಳಸಲು ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿಗೆ ಕೊಟ್ಟಿತು. ನಾರಿನ ಬೋರ್ಡು, ಪ್ಲೈ ನೋಡಬೇಕು ಅನ್ನುವವರು ಬೆಂಗಳೂರಿನ ಪೀಣ್ಯದಲ್ಲಿರುವ ಕಾಯಿರ್ ಬೋರ್ಡಿನ ಸಂಸ್ಥೆಯಲ್ಲಿ ವಿಚಾರಿಸಬಹುದು.

ಇದಕ್ಕೂ ಮಿತಿ ಇದೆ. ಮೇಲಿನ ಮಣ್ಣು ಕೊಚ್ಚಿ ಹೋಗುವುದನ್ನು ತಡೆಯುತ್ತದೆ ಅಷ್ಟೇ, ಗುಡ್ಡವೇ ಜಾರಿದರೆ ಬಲೆ ಏನು ಮಾಡೀತು? 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಆದಂಥ ಕುಸಿತಕ್ಕೆ ಇದು ಮದ್ದಲ್ಲ. ಧರೆಯನ್ನು ನೆಟ್ಟಗೆ ಕಡಿಯದೆ ಇಳಿಜಾರು ಬಿಡಬೇಕು, ಎತ್ತರ ಇದ್ದರೆ ಮೆಟ್ಟಿಲು ಮಾಡಬೇಕು, ತಲೆಯ ಮೇಲೆ ಅಗಳು ತೆಗೆದು ನೀರನ್ನು ಬೇರೆ ಕಡೆ ತಿರುಗಿಸಬೇಕು. ಇಷ್ಟು ಮಾಡಿದ ಮೇಲೆ ಬಲೆ. ಹೊದಿಸುವಾಗ ಮೇಲಿನ ತುದಿಯನ್ನು ಒಂದಡಿ ಆಳದ ಗುಂಡಿಯಲ್ಲಿ ಹೂತು ಮಣ್ಣು ತುಳಿಯಿರಿ, ಮೇಲಿನ ಸುರುಳಿಯ ಅಂಚು ಕೆಳಗಿನದರ ಮೇಲೆ ಬರಲಿ, ಬಲೆ ಎಲ್ಲೂ ಗಾಳಿಯಲ್ಲಿ ನೇತಾಡದೆ ಮಣ್ಣಿಗೆ ತಾಗಿ ಕೂರಲಿ. ಕಬ್ಬಿಣದ ಯು ಪಿನ್ ಬದಲು ಬಿದಿರಿನ ಗೂಟ ಸಾಕು.

ಮಾಲನ್ನು ಏಪ್ರಿಲ್ ಕೊನೆಗೇ ತರಿಸಿಡಿ. ಎರಡು ಮೀಟರ್ ಅಗಲ, ಐವತ್ತು ಮೀಟರ್ ಉದ್ದದ ಒಂದು ಸುರುಳಿ 70 ಕೆ.ಜಿ. ತೂಗುತ್ತದೆ. ಅದು ಒಣಗಿದ್ದಾಗ. ಲಾರಿಯಲ್ಲಿ ನೆನೆದು ಬಂದರೆ ಇಬ್ಬರು ಹೊತ್ತುಕೊಂಡು ಧರೆ ಹತ್ತುವುದು ಆಗದ ಮಾತು. ಮೇ ತಿಂಗಳಲ್ಲಿ ಒಂದೆರಡು ಅಡ್ಡ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಗೂಟ ಸಲೀಸಾಗಿ ಇಳಿಯುತ್ತದೆ, ಆಗಲೇ ಹೊದಿಸಿ ಬಿಡಿ.